ಕಲ್ಲು ನಂದು

ಮೂಕಿ ಸಿನಿಮಾದ ಕಾಲ ಮುಗಿದು ಎಷ್ಟೋ ವರ್ಷವಾಯಿತು ಎಂದು ಓದಿದವರು ಹೇಳುತ್ತಾರೆ. ಹೇಳಲಿ. ನಮ್ಮ ಗಂಗಾವತಿಯಲ್ಲಿ ಅದು ಶುರುವಾದದ್ದೇ ಮೊನ್ನೆ ಮೊನ್ನೆ. ಆ ಮೂಕಿ ಸಿನಿಮಾದ ದೊಡ್ಡ ತಾರೆ ನಮ್ಮ ಮುದಕಮ್ಮ. ಆಕೆಯನ್ನು ಬಲ್ಲವರಿಗೆ ಇದಕ್ಕಿಂತ ದೊಡ್ಡ ತಮಾಷೆ ಇನ್ನೊಂದಿಲ್ಲ. ಏಕೆಂದರೆ ಮುದಕಮ್ಮನ ಬಾಯಿ ಅಂದರೆ ಬಾಯಿ. ತನ್ನೂರು ಮರಳಿಯಿಂದ ಬೆಳಗಿನ ಬಸ್ಸಿಗೆ ಆಕೆ ಹತ್ತಿದಳೆಂದರೆ ಕಂಡಕ್ಟರ್ ಸೀಟಿ ಜೇಬಿಗೆ ಹಾಕಿಕೊಂಡು "ಅಕ್ಕಾ, ನೀನ ರೈಟ್ ಅಂದಬಿಡು" ಎನ್ನುತ್ತಿದ್ದ. ಆಕೆ ಅಂದರೆ ಡ್ರೈವರ್ ಅಷ್ಟೇ ಅಲ್ಲ, ಹಿಂದಿನ ಬಸ್ಸಿನ ಡ್ರೈವರೂ ಗೇರು ಹಾಕುತ್ತಿದ್ದ.

ನಾನು ಇರ್ಫಾನಾ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಟೇಲರ್ ಅಂಗಡಿ ಇಟ್ಟಿದ್ದೇನೆ. ಮುದಕಮ್ಮ ಸಿನಿಮಾದಲ್ಲಿ ಹಾಕಿದ ರಾಣಿ ವೇಷದಿಂದ ಹಿಡಿದು ಭಿಕ್ಷುಕಿ ವೇಷದವರೆಗೆ ಎಲ್ಲವನ್ನೂ ಹೊಲಿದವಳು ನಾನೇ. ಸಿನಿಮಾದ ಕೊನೆಗೆ ಬರುವ ಹೆಸರುಗಳಲ್ಲಿ ಚಹಾ ತಂದುಕೊಟ್ಟವನ ಹೆಸರಿದೆ, ನನ್ನದಿಲ್ಲ. ಅದರ ಸಿಟ್ಟು ನನಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಟೇಲರ್ ಆಗುವ ಮೊದಲು ನಾನೂ ವಿರುಪಣ್ಣ ಸಾವ್ಕಾರರ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡಿದವಳು. ಅಲ್ಲಿಗೆ ಕರೆದುಕೊಂಡು ಹೋದದ್ದು ನನ್ನ ತಾಯಿಯ ತಂಗಿ ಬಾನುಬೀ, ನಮ್ಮ ಬಾನುಖಾಲಾ. ಈ ಕಥೆ ಖಾಲಾ ಮತ್ತು ಮುದಕಮ್ಮ ಇಬ್ಬರದು. ನಾನು ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕಿಸಿಕೊಂಡವಳು.

ಮಿಲ್ಲಿನ ಒಳಗೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ, ಅಲ್ಲಿ ಬಾಯಿಗೆ ಕೆಲಸವಿಲ್ಲ. ಮಷೀನು ಒಂದು ಸಲ ಶುರುವಾಯಿತೆಂದರೆ ಪಕ್ಕದವಳು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಹಾಗಂತ ಹೆಂಗಸರು ದಿನವೆಲ್ಲ ಸುಮ್ಮನಿರಲು ಸಾಧ್ಯವೇ? ಕೈಯಲ್ಲಿ ಮಾತಾಡುತ್ತಾರೆ. ಕೈ, ಹುಬ್ಬು, ಸೆರಗು, ಎಲ್ಲ ಸೇರಿ ಒಂದು ಭಾಷೆ; ನಾವು ಅದನ್ನು ಕೈಮಾತು ಅನ್ನುತ್ತಿದ್ದೆವು. ಹೊಟ್ಟೆ ಸವರಿದರೆ ಸಾವ್ಕಾರ ಬಂದ. ಇಲ್ಲದ ಮೀಸೆ ತಿರುವಿದರೆ ಮೇಸ್ತ್ರಿ ಪಕ್ಕೀರಪ್ಪ ಬಂದ. ಅಂಗೈ ಮೇಲೆ ಉಫ್ ಅಂತ ಊದಿದರೆ ನೀನು ಹೇಳುತ್ತಿರುವುದು ಬರೀ ಹೊಟ್ಟು, ಸುಳ್ಳು. ಕಿವಿಯ ಪಕ್ಕ ಎರಡು ಬೆರಳು ಎತ್ತಿ ಅಲ್ಲಾಡಿಸಿದರೆ ಕತ್ತೆ. ಒಬ್ಬೊಬ್ಬರಿಗೂ ಒಂದೊಂದು ಹೆಸರು ಇತ್ತು. ಮೂಗಿನ ಪಕ್ಕ ಬೆರಳು ಮುಟ್ಟಿಸಿದರೆ ಅದು ಬಾನುಖಾಲಾ, ಏಕೆಂದರೆ ಆಕೆಯ ಮೂಗಿನ ನತ್ತು ಇಡೀ ಮಿಲ್ಲಿಗೆ ಕಾಣುತ್ತಿತ್ತು.

ಇನ್ನೆರಡು ಇವೆ, ಅವನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಿ. ಮೊದಲೆಲ್ಲ ಅಕ್ಕಿಯೊಳಗಿನ ಕಲ್ಲನ್ನು ಹೆಂಗಸರೇ ಆರಿಸುತ್ತಿದ್ದರು. ಇಬ್ಬಿಬ್ಬರು ಎದುರುಬದುರು ಕೂರುವುದು. ಆರಿಸಿದ್ದರಲ್ಲಿ ಕಲ್ಲು ಸಿಕ್ಕರೆ ಬೈಗುಳ ಇಬ್ಬರಿಗೂ. ಆಗ ತಪ್ಪು ಯಾರದೋ ಅವಳು ಎರಡು ಬೆರಳಿನಲ್ಲಿ ಕಲ್ಲು ಹಿಡಿದಂತೆ ಮಾಡಿ, ಹಣೆಗೆ ಮುಟ್ಟಿಸಿ, ಸೆರಗಿನ ತುದಿಗೆ ಕಟ್ಟಿಕೊಂಡು, ಆ ತುದಿಯನ್ನು ಎದುರಿನವಳ ಮುಂದೆ ಹಿಡಿಯುತ್ತಿದ್ದಳು. ಅಂದರೆ, ಕಲ್ಲು ನಂದು. ಎದುರಿನವಳು ಅಂಗೈ ಚಾಚಿ ಆ ಕಲ್ಲನ್ನು ತೆಗೆದುಕೊಂಡು ಹೆಗಲ ಮೇಲಿಂದ ಹಿಂದಕ್ಕೆ ಒಗೆದರೆ ಮುಗಿಯಿತು, ಆ ವಿಷಯ ಮತ್ತೆ ಎತ್ತುವಂತಿಲ್ಲ. ಈಗ ಕಲ್ಲು ಆರಿಸಲು ಮಷೀನು ಬಂದಿದೆ. ಹೆಂಗಸರು ನುಚ್ಚು ಜರಡಿ ಹಿಡಿಯುತ್ತಾರೆ. ಆದರೆ ಕೈಮಾತಿನ ಕಲ್ಲು ಹಾಗೇ ಉಳಿದಿದೆ, ಎಂಥ ತಪ್ಪಿಗಾದರೂ ಅದೇ. ಇನ್ನು ಎರಡನೆಯದು ಜಗಳದ್ದು. ಕೈಮಾತಿನಲ್ಲಿ ಕೂಗಾಡಲು ಬರುವುದಿಲ್ಲವಲ್ಲ, ಹಾಗಾಗಿ ಸಿಟ್ಟು ಬಂದವಳು ಬೆನ್ನು ತಿರುಗಿಸಿ ಕೂರುತ್ತಾಳೆ. ನೋಡದವಳಿಗೆ ಕೇಳಿಸುವುದಿಲ್ಲ.

ಬಾನುಖಾಲಾ ಮತ್ತು ಮುದಕಮ್ಮ ನಾನು ಮಿಲ್ಲಿಗೆ ಹೋಗುವ ಮೊದಲಿನಿಂದಲೂ ಎದುರುಬದುರು ಕೂತವರು. ಅವರ ಮಾತು ಮಷೀನಿಗಿಂತ ಮೊದಲು ಶುರುವಾಗಿ ಮಷೀನು ನಿಂತ ಮೇಲೆ ನಿಲ್ಲುತ್ತಿತ್ತು.

ಅಲ್ಲಿಗೆ ಬಂದವನು ತಿರುಮಲೇಶ. ಮದುವೆ ವಿಡಿಯೋ ತೆಗೆಯುವವನು, ನಿರ್ದೇಶಕನಾಗಬೇಕೆಂದು ಗಡ್ಡ ಬಿಟ್ಟಿದ್ದ. ಸಾವ್ಕಾರರು ಮಿಲ್ಲಿನ ಜಾಹೀರಾತು ಮಾಡಿಸಲು ಅವನನ್ನು ಕರೆಸಿ, ಮಷೀನಿನ ಮುಂದೆ ನಿಂತು ಉದ್ದ ಭಾಷಣ ಮಾಡಿದರು. ವಿಡಿಯೋದಲ್ಲಿ ಒಂದು ಅಕ್ಷರವೂ ಕೇಳಿಸಲಿಲ್ಲ, ಬರೀ ಗರಗರ. ಆದರೆ ಅವರ ಹಿಂದೆ ಒಬ್ಬ ಹೆಂಗಸು ಕಣ್ಣು ಅಗಲಿಸಿ, ಎದೆ ಬಡಿದುಕೊಂಡು, ಆಕಾಶ ತೋರಿಸಿ, ತಲೆಗೂದಲು ಹಿಡಿದು ಏನೋ ಮಹಾ ದುಃಖ ತೋಡಿಕೊಳ್ಳುತ್ತಿದ್ದಳು. ತಿರುಮಲೇಶ ಅದನ್ನೇ ಮತ್ತೆ ಮತ್ತೆ ನೋಡಿ "ಆಹಾ, ಏನು ಅಭಿನಯ!" ಎಂದು ಕಣ್ಣೊರೆಸಿಕೊಂಡನಂತೆ. ದುಃಖವೂ ಅಲ್ಲ, ಮಣ್ಣೂ ಅಲ್ಲ. ಸಾವ್ಕಾರರು ತಲೆಗೆ ಹೊಸದಾಗಿ ಬಣ್ಣ ಹಚ್ಚಿಕೊಂಡದ್ದನ್ನು ಮುದಕಮ್ಮ ಖಾಲಾಗೆ ವರದಿ ಮಾಡುತ್ತಿದ್ದಳು.

ಹೀಗೆ ಶುರುವಾಯಿತು ಆಕೆಯ ಸಿನಿಮಾ ಬದುಕು. ತಿರುಮಲೇಶನ ಹತ್ತಿರ ಒಳ್ಳೆಯ ಮೈಕ್ ಇರಲಿಲ್ಲ, ಆದ್ದರಿಂದ ಮೂಕಿಯೇ ಕಲೆ ಎಂದ. ಅದರಲ್ಲಿ ಸ್ವಲ್ಪ ನಿಜವೂ ಇತ್ತೆನ್ನಿ. ಮಾತಿಲ್ಲದ ಸಿನಿಮಾವನ್ನು ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗಿನವರೂ ನೋಡುತ್ತಾರೆ, ನಮ್ಮ ಓಣಿಯ ಉರ್ದು ಮಾತಿನ ಮುದುಕಿಯರೂ ನೋಡುತ್ತಾರೆ, ಗಿಣಿಗೇರಾದ ಫ್ಯಾಕ್ಟರಿಗೆ ಬಿಹಾರದಿಂದ ಬಂದ ಹುಡುಗರೂ ನೋಡುತ್ತಾರೆ. ಅವನ ಒಂದೇ ತಕರಾರು ಹೆಸರಿನದು.

"ಮುದಕಮ್ಮ ಅಂದ್ರ ಮಂದಿ ಅಜ್ಜಿ ಪಾತ್ರ ಅನ್ಕೋತಾರಕ್ಕ. ಅಮೃತಾ ಅಂತ ಇಡೂಣು" ಎಂದ.

"ನಮ್ಮ ಅಜ್ಜಿ ಹರಕಿ ಹೊತ್ತು ಇಟ್ಟ ಹೆಸರೋ ಇದು. ನಿನ್ನ ಕ್ಯಾಮೆರಾ ನೋಡಿ ಇಟ್ಟಿದ್ದಲ್ಲ" ಎಂದು ಮುದಕಮ್ಮ ಹಾರಾಡಿದಳು. ಆದರೆ ಪೋಸ್ಟರಿನಲ್ಲಿ ಅಮೃತಾ ಎಂದು ಗುಲಾಬಿ ಅಕ್ಷರದಲ್ಲಿ ಕಂಡ ದಿನ ಸುಮ್ಮನಾದಳು. ಆ ಪೋಸ್ಟರ್ ಆಕೆಯ ಅಡುಗೆಮನೆಯಲ್ಲಿ ಇನ್ನೂ ಇದೆ.

ಮೊದಲ ಸಿನಿಮಾ 'ಬಸ್ ತಪ್ಪಿದ ಸೊಸೆ'. ಗಂಡನ ಮನೆಯಿಂದ ಹೊರಬಿದ್ದ ಸೊಸೆ ಬಸ್ ನಿಲ್ದಾಣದಲ್ಲಿ ಅಳಬೇಕು. ಕ್ಯಾಮೆರಾ ಮುಂದೆ ನಿಂತು ಮುದಕಮ್ಮ ಮರದ ಹಾಗಾದಳು. "ಮುಂದ ಯಾರೂ ಇಲ್ಲಲ್ಲೋ, ಯಾರ ಜೋಡಿ ಮಾತಾಡ್ಲಿ?" ಎಂದಳು. "ಯಾರನ್ನರ ನೆನಸ್ಕೋರಿ" ಎಂದ ತಿರುಮಲೇಶ. ನೆನೆಸಿಕೊಂಡಳು. ಮೂಗಿನ ಪಕ್ಕ ಬೆರಳಿಟ್ಟಳು. ಆಮೇಲೆ ಆಕೆಯನ್ನು ತಡೆಯುವವರೇ ಇರಲಿಲ್ಲ.

ಆ ಸಿನಿಮಾವನ್ನು ಗಂಗಾವತಿಯ ಒಂದು ಮದುವೆ ಹಾಲಿನಲ್ಲಿ ತೋರಿಸಿದಾಗ ಅಳುವ ದೃಶ್ಯ ಬಂತು. ಒಂದು ಕಡೆ ಜನ ಕರವಸ್ತ್ರ ತೆಗೆದರು. ಇನ್ನೊಂದು ಕಡೆ ಕೂತಿದ್ದ ಮಿಲ್ಲಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ಬಾನುಖಾಲಾಗೆ ಉಸಿರು ಕಟ್ಟಿ ನಾನು ಬೆನ್ನು ತಟ್ಟಬೇಕಾಯಿತು. ಏಕೆಂದರೆ ಪರದೆಯ ಮೇಲೆ ಆ ನೊಂದ ಸೊಸೆ ಕೈಯಲ್ಲಿ ಹೇಳುತ್ತಿದ್ದದ್ದು ಇದು: 'ಬಾನೂ, ಈ ಗಡ್ಡದ ಕತ್ತೆ ಬೆಳಗಿನಿಂದ ಒಂದು ಚಹಾ ಕೊಟ್ಟಿಲ್ಲ. ಸೊಂಟ ಹಿಡಿದಿದೆ. ನೀನು ನನ್ನ ಪಾಲಿನ ಮಿರ್ಚಿ ಭಜಿ ತಿಂದಿಯೋ ಇಟ್ಟಿದ್ದೀಯೋ?'

ತಿರುಮಲೇಶ ಗಾಬರಿಯಾಗಿ ನನ್ನ ಹತ್ತಿರ ಬಂದ. "ಇರ್ಫಾನಕ್ಕಾ, ಈ ಹೆಣ್ಮಕ್ಕಳಿಗೆ ಕಲಾ ತಿಳಿಯಂಗಿಲ್ಲ ನೋಡ್ರಿ" ಎಂದ. ನಾನು ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡಿದ್ದೆ. ಮಾತಾಡುವ ಹಾಗಿರಲಿಲ್ಲ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಕೆಡಿಸಿದ್ದು ಎರಡನೆಯ ಸಿನಿಮಾ, 'ಎಮ್ಮೆ ಕಾಯ್ದ ರಾಣಿ'.

ಖಾಲಾನ ಮಗಳು ಶಮೀಮಾಳ ಮದುವೆ ಗೊತ್ತಾಗಿತ್ತು. ಖಾಲಾಗೆ ಗಂಡನಿಲ್ಲ, ನನ್ನ ತಾಯಿ ತೀರಿಕೊಂಡ ಮೇಲೆ ಅಕ್ಕನೂ ಇಲ್ಲ. ಇರುವವಳು ಒಬ್ಬಳೇ ಮಗಳು. ಆಕೆಗೆ ನಿಕಾಹದ ಚಿಂತೆ ಇರಲಿಲ್ಲ, ಊಟದ ಚಿಂತೆ ಇರಲಿಲ್ಲ. ಹುಡುಗಿಯನ್ನು ಕಳಿಸುವ ಹೊತ್ತಿನದೇ ಭಯ. ಜರಡಿಯ ಎದುರು ಕೂತು ಮುದಕಮ್ಮನಿಗೆ ಕೈಯಲ್ಲಿ ಹೇಳಿದ್ದಳು: ಕಾರು ಹೊರಡುವಾಗ ನೀನು ನನ್ನ ಪಕ್ಕ ಇರಬೇಕು, ನನ್ನ ಕೈ ಹಿಡಿಯಬೇಕು. ಮುದಕಮ್ಮ ತಲೆ ಮೇಲೆ ಕೈಯಿಟ್ಟುಕೊಂಡು ಆಣೆ ಮಾಡಿದ್ದಳು. ನಾನು ಇದ್ದೆನಲ್ಲ ಅನ್ನಬೇಡಿ. ನಾನು ಇಂಥ ಹೊತ್ತಿನಲ್ಲಿ ಬಿದ್ದು ಅಳುವವಳು, ನನ್ನನ್ನು ಹಿಡಿಯಲು ಇಬ್ಬರು ಬೇಕು.

ಅದೇ ದಿನ ತಿರುಮಲೇಶ ಇಟಗಿಯ ಹಳೆಯ ಗುಡಿಯ ಹತ್ತಿರ ಶೂಟಿಂಗ್ ಇಟ್ಟ. ಗುಡಿಯೊಳಗೆ ಕ್ಯಾಮೆರಾ ಬಿಡಲಿಲ್ಲ, ಬೇಲಿಯ ಹೊರಗೆ ನಿಂತು ಹಿಂದೆ ಗುಡಿ ಕಾಣುವ ಹಾಗೆ ತೆಗೆಯುವುದು. "ಮುಂಜಾನಿ ಬಿಸಿಲಾಗ ಎರಡು ಶಾಟು, ಮಧ್ಯಾಹ್ನಕ್ಕ ಗಂಗಾವತಿ" ಎಂದು ನಂಬಿಸಿ ಕರೆದುಕೊಂಡು ಹೋದ. ಬಿಸಿಲಿಗೆ ಮೋಡ ಅಡ್ಡ ಬಂತು, ಎಮ್ಮೆ ತಪ್ಪಿಸಿಕೊಂಡು ಕೆರೆಗೆ ಇಳಿಯಿತು, ಎಮ್ಮೆ ಸಿಕ್ಕಾಗ ಮೋಡ ಮತ್ತೆ ಬಂತು. ವಾಪಸು ಬರುವಾಗ ಗಿಣಿಗೇರಾದ ಹತ್ತಿರ ಫ್ಯಾಕ್ಟರಿಯ ಲಾರಿಗಳು ಸಾಲಾಗಿ ನಿಂತಿದ್ದವು. ಮುದಕಮ್ಮ ಜೀಪಿನಿಂದ ಇಳಿದು ಪ್ರತಿ ಲಾರಿಯವನಿಗೂ ಬಾಯಿಗೆ ಬಂದಂತೆ ಬೈದಳಂತೆ. ಮುಖಕ್ಕೆ ಬಿಳಿ ಬಣ್ಣ, ತಲೆಗೆ ಥರ್ಮಾಕೋಲಿನ ಕಿರೀಟ. ಡ್ರೈವರುಗಳು ಕೈಮುಗಿದರೇ ಹೊರತು ಲಾರಿ ಸರಿಸಲಿಲ್ಲ.

ಆಕೆ ನಮ್ಮ ಓಣಿಗೆ ಓಡಿ ಬಂದಾಗ ಕಾರು ಹೋಗಿ, ಎದ್ದ ಧೂಳೂ ಇಳಿದಿತ್ತು. ಖಾಲಾ ಬಾಗಿಲಲ್ಲಿ ಒಬ್ಬಳೇ ನಿಂತಿದ್ದಳು. ಕಿರೀಟ ಹೊತ್ತ ರಾಣಿಯನ್ನು ಕಂಡು ಮಕ್ಕಳು ಮುತ್ತಿಕೊಂಡವು, ಬೀಗರ ಕಡೆಯ ನಾಲ್ವರು ಸೆಲ್ಫಿಗೆ ನಿಂತರು. ಖಾಲಾ ಆಕೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ನೋಡಿ, ನಿಧಾನಕ್ಕೆ ಬೆನ್ನು ತಿರುಗಿಸಿದಳು. ಆ ವೇಷ ಹೊಲಿದವಳು ನಾನು, ಅದನ್ನು ಅಲ್ಲೇ ಹರಿದು ಹಾಕಬೇಕು ಅನ್ನಿಸಿತು.

ಬಾಯಿಂದ ಸರಿಮಾಡಲು ಹೋದದ್ದು ಮುದಕಮ್ಮನ ಎರಡನೆಯ ತಪ್ಪು. ಮಾರನೆಯ ದಿನ ನನ್ನನ್ನೂ ಎಳೆದುಕೊಂಡು ಖಾಲಾನ ಮನೆಗೆ ಹೋದಳು. ದಾರಿಯುದ್ದಕ್ಕೂ ನಾನು ಹೇಳಿಕೊಟ್ಟದ್ದು ಒಂದೇ ಮಾತು: ತಪ್ಪಾತು ಅನ್ನು, ಬಾಯಿ ಮುಚ್ಚು. ಆಕೆ ಮೊದಲ ಅರ್ಧ ಮಾಡಿದಳು.

"ತಪ್ಪಾತು ಬಿಡವಾ ಬಾನೂ. ಹಂಗ ನೋಡಿದ್ರ ನಾ ಬರಲಿಲ್ಲಂತ ಏನೂ ನಿಂತಿಲ್ಲಲ್ಲ? ಕಾರು ಹೋಗೈತಿ, ಹುಡುಗಿ ಹೋಗ್ಯಾಳ, ಎಲ್ಲಾ ಸುಸೂತ್ರ ಆಗೈತಿ. ಬಿರಿಯಾನಿ ಒಂದೀಟು ಖಾರ ಆಗಿತ್ತಂತ, ಮಂದಿ ಅಂದ್ರು. ಅದನ್ನೊಂದು ಬಿಟ್ರ..."

ಬಾಗಿಲು ಎಷ್ಟು ಜೋರಾಗಿ ಬಿತ್ತೆಂದರೆ ಗೋಡೆಯ ಮೇಲಿನ ಹಲ್ಲಿ ಕೆಳಗೆ ಬಿತ್ತು.

ಮರುದಿನದಿಂದ ಖಾಲಾ ಬೇರೆ ಜರಡಿಗೆ ಹೋಗಿ, ಮುದಕಮ್ಮನಿಗೆ ಬೆನ್ನು ಮಾಡಿ ಕೂತಳು. ಮಳೆಗಾಲ ಕಳೆಯಿತು, ಬೆನ್ನು ತಿರುಗಲಿಲ್ಲ. ಮುದಕಮ್ಮ ಫೋನು ಮಾಡಿದರೆ ಎತ್ತುವುದಿಲ್ಲ. 'ಎಮ್ಮೆ ಕಾಯ್ದ ರಾಣಿ' ಊರೂರಿಗೆ ಹೋಗಿ ಹೆಸರು ಮಾಡಿತು, ಕುಷ್ಟಗಿಯಲ್ಲಿ ಆಕೆಗೆ ಶಾಲು ಹೊದಿಸಿದರು, ಯಲಬುರ್ಗಾದಲ್ಲಿ ಟ್ರ್ಯಾಕ್ಟರಿನಲ್ಲಿ ಕೂರಿಸಿ ಮೆರವಣಿಗೆ ಮಾಡಿದರು. ಆಕೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಶಾಲಿನ ಅಂಚು ತಿರುವುತ್ತಾ, "ಇರ್ಫಾನಾ, ಎದುರಿಗೆ ಯಾರೂ ಇಲ್ಲದ ಕುಂತ್ರ ಊಟನೂ ಹೋಗವಲ್ದವಾ" ಎಂದಳು. ಆಕೆ ಅಳುವುದನ್ನು ನಾನು ಸಿನಿಮಾದಲ್ಲಿ ಎಷ್ಟೋ ಸಲ ಕಂಡಿದ್ದೆ. ಅದು ಇದಲ್ಲ. ನನಗೆ ಖಾಲಾನ ಮೇಲೂ ಸಿಟ್ಟು ಬಂತು, ಇಷ್ಟು ಹಟ ಒಳ್ಳೆಯದಲ್ಲ ಅನ್ನಿಸಿತು.

ಮೂರನೆಯ ಸಿನಿಮಾ ಬಂದದ್ದು ಆಗ. 'ಮುಚ್ಚಿದ ಕದ'. ಊರು ಬಿಟ್ಟು ಹೋದ ಅಕ್ಕ ತಿರುಗಿ ಬಂದು ತಂಗಿಯ ಮನೆಯ ಮುಚ್ಚಿದ ಬಾಗಿಲ ಮುಂದೆ ನಿಂತು ಬೇಡಿಕೊಳ್ಳುವ ಕಥೆ. ಸಾವ್ಕಾರರು ಖರ್ಚು ಹಾಕಿದ್ದರು, ಹೊಸ ಸುಗ್ಗಿಯ ನೆಲ್ಲು ಬಂದ ಖುಷಿಗೆ ಮಿಲ್ಲಿನ ಅಂಗಳದಲ್ಲೇ ಮೊದಲ ಆಟ, ಕೆಲಸದವರಿಗೆಲ್ಲ ಊಟ. ಮುದಕಮ್ಮನ ಕಣ್ಣು ಹೊಳೆದವು.

"ಬಾನು ಬರ್ತಾಳ. ಸಾವ್ಕಾರ್ರು ಕರದ್ರ ಬರದ ಇರಂಗಿಲ್ಲ. ನನ್ನ ನೋಡವಲ್ಲಳು, ಪರದಾ ನೋಡದ ಎಲ್ಲಿ ಹೋಗ್ತಾಳ? ಆ ಕದದ ಮುಂದ ನಾ ಹೇಳ್ಬೇಕಾದ್ದು ಹೇಳ್ತೀನಿ."

ಶೂಟಿಂಗಿನ ದಿನ ನಾನಿದ್ದೆ. ಬಾಗಿಲ ಮುಂದೆ ನಿಂತು ಆಕೆ ಕೈಯಲ್ಲಿ ಹೇಳಿದ್ದನ್ನು ಪೂರ್ತಿ ನೋಡಿದೆ. ತಿರುಮಲೇಶ ಯಾವತ್ತಿನಂತೆ "ಆಹಾ!" ಎಂದ.

ಆದರೆ ಆಟಕ್ಕೆ ಕೆಲವೇ ದಿನ ಇರುವಾಗ ಯಾವುದೋ ಚಾನೆಲ್ಲಿನವನೊಬ್ಬ ಅವನ ತಲೆ ಕೆಡಿಸಿದ. ಮೂಕಿ ಯಾರೂ ತೆಗೆದುಕೊಳ್ಳುವುದಿಲ್ಲ, ಮಾತು ಹಾಕಿಸು, ಮುಖ ಹತ್ತಿರದಿಂದ ತೋರಿಸು, ಆಮೇಲೆ ನೋಡೋಣ ಎಂದನಂತೆ. ನಾವು ಝೆರಾಕ್ಸ್ ಅಂಗಡಿಯ ಮೇಲಿನ ತಿರುಮಲೇಶನ ಕೋಣೆಗೆ ಹೋದಾಗ ಅವನು ಖುಷಿಯಿಂದ ಕಂಪ್ಯೂಟರಿನಲ್ಲಿ ಹಚ್ಚಿ ತೋರಿಸಿದ. ಮುಚ್ಚಿದ ಕದದ ಮುಂದೆ ಮುದಕಮ್ಮನ ಮುಖ, ಬರೀ ಮುಖ, ಪರದೆಯ ತುಂಬ. ಕೈ ಎರಡೂ ಕತ್ತರಿಸಿ ಹೋಗಿದ್ದವು. ಬಾಯಿಂದ ಸಕ್ಕರೆ ಪಾಕದಲ್ಲಿ ಅದ್ದಿದ ಒಂದು ಹುಡುಗಿಯ ದನಿ ಬಂತು: "ತಂಗಿ, ದಯವಿಟ್ಟು ಬಾಗಿಲು ತೆರೆಯಬಾರದೇ?"

"ಇದ್ಯಾರೋ ನನ್ನ ಹೊಟ್ಟ್ಯಾಗ ಕುಂತು ಮಾತಾಡಾಕಿ?" ಎಂದಳು ಮುದಕಮ್ಮ.

"ಡಬ್ಬಿಂಗ್ ಅಕ್ಕ. ನಿಮ್ಮ ದನಿ ಮೈಕಿಗೆ ಆಗಂಗಿಲ್ಲ, ಮೈಕು ಒಡೀತೈತಿ."

"ದನಿ ಸುಡುಗಾಡಿಗೆ ಹೋಗ್ಲಿ. ನನ್ನ ಕೈ ಎಲ್ಲಿ?"

"ಕೈ ಯಾರ್ ನೋಡ್ತಾರಕ್ಕ? ಮುಖ ನೋಡ್ತಾರ ಮಂದಿ."

ಮುದಕಮ್ಮ ನನ್ನ ಕಡೆ ನೋಡಿದಳು. ನನಗೆ ಅರ್ಥವಾಯಿತು. ಕೈ ಯಾಕೆ ಬೇಕು ಅಂತ ಹೇಳದೆ ಅವನು ಕೈ ಕೊಡುವುದಿಲ್ಲ. ಹೇಳಿದರೆ ಮೂರು ಸಿನಿಮಾದಲ್ಲಿ ಅವನಿಗೆ ಏನೇನು ಅಂದಿದ್ದಾಳೋ ಅದೆಲ್ಲ ಹೊರಬೀಳುತ್ತದೆ. ಆಮೇಲೆ ಯಾವ ನಿರ್ದೇಶಕ ಆಕೆಯನ್ನು ಮತ್ತೆ ಕರೆಯುತ್ತಾನೆ? ಗುಲಾಬಿ ಅಕ್ಷರದ ಅಮೃತಾ ಅಲ್ಲಿಗೆ ಮುಗಿದಳು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಕುಂದ್ರೋ ತಮ್ಮಾ, ಒಂದು ಹೇಳ್ತೀನಿ" ಎಂದಳು.

ಹೇಳಿದಳು. ಎಲ್ಲ ಹೇಳಿದಳು. ತಿರುಮಲೇಶ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ, ಆಮೇಲೆ ಹಳೆಯ ಸಿನಿಮಾ ತೆಗೆದು ಒಂದೊಂದೇ ದೃಶ್ಯ ಹಚ್ಚಿ ನನ್ನನ್ನು ಕೇಳತೊಡಗಿದ.

"ಇಲ್ಲಿ ಎದಿ ಬಡ್ಕೊಂಡು ಆಕಾಶ ನೋಡ್ತಾಳಲ್ಲ?"

"ಬಿಸಿಲು ನೆತ್ತಿಗೆ ಬಂತು, ಈ ಕತ್ತಿ ಇನ್ನೂ ಊಟಕ್ಕ ಬಿಡವಲ್ದು."

"ರಾಣಿ ಪ್ರಾಣ ಬಿಡೋ ಸೀನು?"

"ಎಮ್ಮಿ ಛಲೋ ಮಾಡತೈತಿ, ಡೈರೆಕ್ಟರ್‌ಗಿಂತ ಅದಕ್ಕ ಬುದ್ಧಿ ಜಾಸ್ತಿ."

ಅವನ ಗಡ್ಡವೆಲ್ಲ ಅಲುಗಿತು. "ಅಂದ್ರ ಇಡೀ ಗಂಗಾವತಿಯ ಮಿಲ್ಲಿನ ಹೆಣ್ಮಕ್ಕಳು..."

"ಗೊತ್ತೈತಿ" ಎಂದೆ. "ಕಾರಟಗಿ ಮಿಲ್ಲಿನವ್ರಿಗೂ ಗೊತ್ತೈತಿ."

ಕೊನೆಗೆ ಕದದ ದೃಶ್ಯ ಪೂರ್ತಿ ಹಚ್ಚಿದ, ಕೈ ಇದ್ದದ್ದು. ನಾನು ಅದನ್ನೂ ಬಿಡಿಸಿ ಹೇಳಿದೆ, ಕಲ್ಲಿನ ಅರ್ಥವನ್ನೂ ಖಾಲಾನ ಬೆನ್ನನ್ನೂ ಹೇಳಿದೆ. ಆ ಮದುವೆಯ ದಿನ ತಡಮಾಡಿದವನು ತಾನೇ ಎಂಬುದು ಅವನಿಗೆ ಹೊಳೆಯಿತೋ ಇಲ್ಲವೋ. ಮುಖ ಮಾತ್ರ ಕಪ್ಪಾಯಿತು. "ಹೋಗ್ರಿ ನೀವಿಬ್ರೂ" ಎಂದು ಕಂಪ್ಯೂಟರ್ ಬಂದ್ ಮಾಡಿದ. ಮೆಟ್ಟಿಲು ಇಳಿಯುವಾಗ ಮುದಕಮ್ಮ ಒಂದು ಮಾತೂ ಆಡಲಿಲ್ಲ. ಆಕೆ ಮಾತಾಡದೆ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು, ನನಗೆ ಹೆದರಿಕೆಯಾಯಿತು.

ಆಟದ ದಿನ ಸಂಜೆ ಮಿಲ್ಲಿನ ಅಂಗಳ ತುಂಬಿತ್ತು. ನೆಲ್ಲು ಒಣಗಿಸುವ ಕಣದಲ್ಲಿ ಕುರ್ಚಿ ಹಾಕಿ, ಎರಡು ಲಾರಿಗಳ ನಡುವೆ ಬಿಳಿ ಪರದೆ ಕಟ್ಟಿದ್ದರು. ಮುಂದೆ ಸಾವ್ಕಾರರ ಸೋಫಾ, ಅದರ ಪಕ್ಕ ಹೊಸ ಸೀರೆ ಉಟ್ಟ ಮುದಕಮ್ಮ. ನಡುವೆ ಟೇಬಲ್ಲಿನ ಮೇಲೆ ಪ್ರೊಜೆಕ್ಟರ್, ಅದರ ಹಿಂದೆ ಯಾರ ಮುಖವನ್ನೂ ನೋಡದ ತಿರುಮಲೇಶ.

ಖಾಲಾ ಬಂದಳು. ಶಮೀಮಾಳನ್ನೂ ಅಳಿಯನನ್ನೂ ಕರೆದುಕೊಂಡು ಬಂದಳು. ಎಲ್ಲರಿಗಿಂತ ಹಿಂದಿನ ಸಾಲಿಗೆ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು, ಪರದೆಗೆ ಬೆನ್ನು ಮಾಡಿ, ಗೋಡೌನಿನ ಸುಣ್ಣದ ಗೋಡೆಗೆ ಮುಖ ಮಾಡಿ ಕೂತಳು. ನಾನು ಹೋಗಿ ಕೈಮುಗಿದೆ. "ಖಾಲಾ, ಮಂದಿ ನೋಡಾಕತ್ತಾರ" ಎಂದೆ. ನಮ್ಮ ಮನೆಮಾತಿನಲ್ಲಿ ಆಕೆ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ, "ಊಟಕ್ಕ ಕರದಾರ, ಊಟಕ್ಕ ಬಂದೀನಿ. ಗ್ವಾಡಿ ನೋಡಿದ್ರ ನಿಂದೇನು ಹೋಗ್ತೈತಿ?"

ಸಿನಿಮಾ ಶುರುವಾಯಿತು. ಸಕ್ಕರೆ ಪಾಕದ ದನಿ ಹರಿಯಿತು. ಮಿಲ್ಲಿನ ಹೆಂಗಸರು ಆಕಳಿಸಿದರು, ಒಬ್ಬಳು ಅಂಗೈ ಮೇಲೆ ಉಫ್ ಅಂತ ಊದಿದಳು. ಕೊನೆಗೆ ಆ ಮುಚ್ಚಿದ ಕದ ಬಂತು. ಪರದೆಯ ತುಂಬ ಬರೀ ಮುಖ. "ತಂಗಿ, ದಯವಿಟ್ಟು..." ಮುದಕಮ್ಮ ತಲೆ ತಗ್ಗಿಸಿದಳು. ಹಿಂದಿನ ಸಾಲಿನಲ್ಲಿ ಖಾಲಾನ ಬೆನ್ನು ಕಲ್ಲಿನ ಹಾಗೆ ಕೂತಿತ್ತು. ನನಗೆ ತಡೆಯಲಿಲ್ಲ, ಎದ್ದು ಹೋಗಿ ತಿರುಮಲೇಶನ ಗಡ್ಡ ಹಿಡಿಯಬೇಕೆಂದು ಎರಡು ಹೆಜ್ಜೆ ಹಾಕಿದ್ದೆ.

ಅಷ್ಟರಲ್ಲಿ ಸಿನಿಮಾ ನಿಂತಿತು. ತಿರುಮಲೇಶ ಕುರ್ಚಿಯ ಮೇಲೆ ಹತ್ತಿ ನಿಂತ.

"ಎಲ್ಲಾರೂ ಕುರ್ಚಿ ತಿರುವ್ರಿ! ಮಾತಿಂದು ಚಾನೆಲ್‌ನವ್ರಿಗೆ. ನಮ್ಮ ಮಿಲ್ಲಿಗೆ ಮೂಕೀನ!"

ಹೇಳಿ, ಟೇಬಲ್ಲನ್ನು ಪ್ರೊಜೆಕ್ಟರ್ ಸಮೇತ ಗರ್ರನೆ ಹಿಂದಕ್ಕೆ ತಿರುಗಿಸಿದ. ಬೆಳಕು ಜನರ ತಲೆ ಮೇಲೆ ಹಾದು ಗೋಡೌನಿನ ಗೋಡೆಗೆ ಬಿತ್ತು. ಆಮೇಲೆ ಆದ ಗದ್ದಲ ಕೇಳಬೇಡಿ. ಕುರ್ಚಿಗೆ ಕುರ್ಚಿ ತಾಗಿತು, ಹುಡುಗರು ಕೂಗಿದರು, ಪಕ್ಕೀರಪ್ಪನ ಕಾಲು ಸಿಕ್ಕಿತು, ಸಾವ್ಕಾರರ ಸೋಫಾವನ್ನು ನಾಲ್ವರು ಎತ್ತಿ ತಿರುಗಿಸಿದರು. ಇಷ್ಟು ಹೊತ್ತು ಮುಂದಿದ್ದ ಅವರು ಎಲ್ಲರಿಗಿಂತ ಹಿಂದಾದರು. ಎಲ್ಲರೂ ತಿರುಗಿ ಕೂತಾಗ ತಿರುಗದೆ ಕೂತವಳು ಒಬ್ಬಳೇ, ನಮ್ಮ ಖಾಲಾ. ಆಕೆ ಈಗ ಮೊದಲ ಸಾಲಿನಲ್ಲಿದ್ದಳು.

ಗೋಡೆಯ ಮೇಲೆ ಮುದಕಮ್ಮ, ಕಾಲಿನಿಂದ ತಲೆಯವರೆಗೆ, ಗೋಡೌನಿನಷ್ಟು ಎತ್ತರ. ದನಿ ಇಲ್ಲ. ಮೂಗಿನ ಪಕ್ಕ ಬೆರಳಿಟ್ಟಳು: ಬಾನೂ. ಕಾರು ಹೋಯಿತು. ನಿನ್ನ ಪಕ್ಕ ನಾನಿರಲಿಲ್ಲ. ತಲೆ ಮೇಲೆ ಕಿರೀಟ ಇಟ್ಟುಕೊಂಡಿದ್ದೆ. ಕಿವಿಯ ಪಕ್ಕ ಎರಡು ಬೆರಳು ಎತ್ತಿದಳು, ಆಮೇಲೆ ತನ್ನ ಎದೆ ತೋರಿಸಿಕೊಂಡಳು: ಕತ್ತೆ ನಾನು. ಬಾಯಿಂದ ಹೇಳಲು ಬಂದೆ, ಬಾಯಿ ಹಾಳು ಮಾಡಿತು. ಕೊನೆಗೆ ಎರಡು ಬೆರಳಿನಲ್ಲಿ ಏನನ್ನೋ ಹಿಡಿದು, ಹಣೆಗೆ ಮುಟ್ಟಿಸಿ, ಸೆರಗಿನ ತುದಿಗೆ ಕಟ್ಟಿ, ಆ ತುದಿಯನ್ನು ಮುಂದೆ ಹಿಡಿದಳು. ತಿರುಮಲೇಶ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದ.

ಖಾಲಾ ಕಣ್ಣು ಮುಚ್ಚಿಕೊಳ್ಳಬಹುದಿತ್ತು. ಮುಚ್ಚಲಿಲ್ಲ. ಎದ್ದು ನಿಂತಳು. ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಬಂದಳಲ್ಲ, ಆಕೆಯ ನೆರಳು ಗೋಡೆಯ ಮೇಲೆ ಮುದಕಮ್ಮನ ಎದುರಿಗೇ ಬಿತ್ತು. ಜರಡಿಯ ಎದುರು ಇಬ್ಬರೂ ಕೂತ ಹಾಗೇ ಇತ್ತು.

ನೆರಳಿನ ಕೈ ಎದ್ದಿತು. ಹೌದು, ಕತ್ತೆ. ದೊಡ್ಡ ಕತ್ತೆ. ಮುಖ ನೋಡು, ಅವತ್ತು ನೀನು ಹಿಟ್ಟಿನಲ್ಲಿ ಬಿದ್ದ ಇಲಿಯ ಹಾಗೆ ಬಂದಿದ್ದೆ. ನಿನಗೂ ಮಣ್ಣು ಹಾಕ, ನಿನ್ನ ಗಡ್ಡದವನಿಗೂ ಮಣ್ಣು ಹಾಕ. ಮಿಲ್ಲಿನ ಹೆಂಗಸರು ಕಿಸಕ್ಕನೆ ನಕ್ಕರು. ಆಮೇಲೆ ಖಾಲಾ ಬಲಗೈಯನ್ನು ಪಕ್ಕಕ್ಕೆ ಚಾಚಿ, ಅಂಗೈ ತೆರೆದು, ಸ್ವಲ್ಪ ಹೊತ್ತು ಹಾಗೇ ಹಿಡಿದಳು. ಕಾರು ಹೊರಟಿತು, ಹೀಗೆ ಕೈ ಚಾಚಿದೆ, ಯಾರೂ ಇರಲಿಲ್ಲ. ನಗು ನಿಂತಿತು.

ಖಾಲಾ ಮೂಗೊರೆಸಿಕೊಂಡಳು. ಇನ್ನೊಂದು ಹೇಳಿದಳು: ಬಿರಿಯಾನಿ ಖಾರ ಇರಲಿಲ್ಲ.

ಆಮೇಲೆ ಕೈ ಮುಂದೆ ಚಾಚಿದಳು. ನೆರಳಿನ ಅಂಗೈ ಗೋಡೆಯ ಮೇಲೆ ಮುದಕಮ್ಮನ ಸೆರಗಿನ ತುದಿಯನ್ನು ಮುಟ್ಟಿತು. ಕಲ್ಲು ತೆಗೆದುಕೊಂಡಳು. ಹೆಗಲ ಮೇಲಿಂದ ಹಿಂದಕ್ಕೆ ಎಷ್ಟು ಜೋರಾಗಿ ಒಗೆದಳೆಂದರೆ ಹಿಂದೆ ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ ತಲೆ ಬಗ್ಗಿಸಿದರು. ನಾನೂ ಬಗ್ಗಿಸಿದೆ.

ಕುರ್ಚಿಗಳನ್ನು ತಳ್ಳಿಕೊಂಡು, ಸಾವ್ಕಾರರ ಕಾಲು ತುಳಿದುಕೊಂಡು ಮುದಕಮ್ಮ ಓಡಿ ಬಂದಳು. ಖಾಲಾನ ಮುಂದೆ ನಿಂತು ಬಾಯಿ ತೆರೆದಳು. "ಬಾನೂ, ಖರೇ ಹೇಳ್ತೀನಿ, ಆದ್ರ ಬಿರಿಯಾನಿ ಮಾತ್ರ..."

ಖಾಲಾ ಆಕೆಯ ಬಾಯಿಯ ಮೇಲೆ ಕೈ ಒತ್ತಿಬಿಟ್ಟಳು. ಅಂಗಳದ ತುಂಬ ಮಿಲ್ಲಿನ ಹೆಂಗಸರು ತುಟಿಯ ಮೇಲೆ ಬೆರಳಿಟ್ಟರು. ಶಮೀಮಾಳೂ ಇಟ್ಟಳು. ಮುದಕಮ್ಮ ಬಾಯಿ ಮುಚ್ಚಿದಳು; ಮುಚ್ಚಿ, ಖಾಲಾನ ಪಕ್ಕಕ್ಕೆ ಸರಿದು ಆಕೆಯ ಬಲಗೈ ಹಿಡಿದುಕೊಂಡು ನಿಂತಳು. ಅತ್ತ ಪ್ರೊಜೆಕ್ಟರಿನ ಹಿಂದೆ ತಿರುಮಲೇಶ ತನ್ನ ಕಿವಿಯ ಪಕ್ಕ ತಾನೇ ಎರಡು ಬೆರಳು ಎತ್ತಿ ನನಗೆ ತೋರಿಸಿದ. ನಾನು ತಲೆಯಾಡಿಸಿದೆ. ನಿಲ್ಲಿಸಿದ್ದ ಸಿನಿಮಾ ಮತ್ತೆ ಹಚ್ಚಿದ; ಕೊನೆಗೆ ಹೆಸರುಗಳು ಬಂದವು, ನನ್ನದು ಈ ಸಲವೂ ಇರಲಿಲ್ಲ.

ಊಟಕ್ಕೆ ಒಂದು ಕಡೆ ಗೋಧಿ ಹುಗ್ಗಿ, ಗೋಡೌನಿನ ಹಿಂದೆ ಶಬ್ಬೀರಸಾಬನ ಬಿರಿಯಾನಿ. ಸಾವ್ಕಾರರು ತಾವು ತಿನ್ನುವುದಿಲ್ಲ, ತಿನ್ನುವವರಿಗೆ ಬೇಡ ಅನ್ನುವುದೂ ಇಲ್ಲ. ಶಮೀಮಾಳ ಮದುವೆಗೆ ಮಾಡಿದವನೂ ಇದೇ ಶಬ್ಬೀರಸಾಬ, ಅವನ ಕೈ ಬದಲಾಗುವಂಥದಲ್ಲ. ಖಾಲಾ ಮತ್ತು ಮುದಕಮ್ಮ ಎದುರುಬದುರು ಕೂತು ಒಂದೇ ತಾಟಿನಲ್ಲಿ ಉಂಡರು. ನಾಲ್ಕು ತುತ್ತಿಗೆ ಮುದಕಮ್ಮನ ಮೂಗು ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಎರಡು ಲೋಟ ನೀರು ಖಾಲಿಯಾಯಿತು. ಖಾಲಾ ಹುಬ್ಬು ಎತ್ತಿ ಕೈಯಲ್ಲಿ ಕೇಳಿದಳು, ಖಾರವೇ? ಮುದಕಮ್ಮ ಇಲ್ಲವೇ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಖಾಲಾ ಎಡಗೈಯ ಅಂಗೈ ಮೇಲೆತ್ತಿ ಆಕೆಯ ಮುಖಕ್ಕೆ ಉಫ್ ಎಂದು ಊದಿದಳು.